ಮರ ನೋಡಿದೆವು, ಬಾಯಿ ನೋಡಲಿಲ್ಲ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ ಅಡಿಕೆಗೆಂದೇ ಒಂದು ಕೇಂದ್ರೀಯ ಸಂಶೋಧನಾ ಕೇಂದ್ರ ಶುರುವಾದದ್ದು 1956ರಲ್ಲಿ. 1970ರಲ್ಲಿ ಅದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಜತೆ ಸೇರಿತು. 1972ರಲ್ಲಿ ಚೀನಾ ಮೂಲದ ತಳಿಯೊಂದನ್ನು ಆರಿಸಿ, ‘ಮಂಗಳ’ ಎಂಬ ಹೆಸರಿಟ್ಟು ಬೆಳೆಗಾರರ ಕೈಗೆ ಕೊಟ್ಟಿತು. ಆಮೇಲೆ ಸುಮಂಗಳ, ಶ್ರೀಮಂಗಳ, ಮೋಹಿತ್‌ನಗರ, ಗಿಡ್ಡ ತಳಿಗಳು ಬಂದವು. ಬೇರುಹುಳ, ಹಿಂಗಾರ ಒಣಗುವುದು, ಎಳೆಕಾಯಿ ಉದುರುವುದು, ಹಳದಿ ರೋಗ, ಹನಿ ನೀರಾವರಿ, ತೋಟದ ನಡುವೆ ಕೊಕ್ಕೊ, ಕಾಳುಮೆಣಸು — ಮರದ ಬುಡದಿಂದ ತುದಿಯವರೆಗೆ ವಿಟ್ಲದವರು ನೋಡದೆ ಬಿಟ್ಟದ್ದು ಕಡಿಮೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿನ ಎಷ್ಟೋ ಗುಡ್ಡದ ಬದಿಗಳು ಹಸುರು ತೋಟಗಳಾದುದರಲ್ಲಿ ಆ ಕೇಂದ್ರದ ಪಾಲಿದೆ.

ಸುಲಿದ ಅಡಿಕೆ ಗೋಣಿಯೊಳಗೆ ಸೇರಿ ಅಂಗಳ ದಾಟಿದ ಮೇಲೆ ಏನಾಗುತ್ತದೆ ಎಂಬುದು ವಿಟ್ಲದ ಕೆಲಸದ ವ್ಯಾಪ್ತಿಯಲ್ಲಿ ಇರಲಿಲ್ಲ. ಅದು ತಪ್ಪು ಎಂದು ನಾನು ಹೇಳುತ್ತಿಲ್ಲ. ತೋಟಗಾರಿಕೆಯ ವಿಜ್ಞಾನಿ ಜನರ ಬಾಯಿ ತೆರೆಸಿ ನೋಡಬೇಕಾಗಿಲ್ಲ. ಆದರೆ ಅಡಿಕೆ ಮತ್ತು ಕ್ಯಾನ್ಸರ್‌ ಬಗ್ಗೆ ನಮ್ಮಲ್ಲಿ ಕಳೆದ ಕೆಲವು ದಶಕಗಳಿಂದ ನಡೆಯುತ್ತಿರುವ ಜಗಳ ಅರ್ಥವಾಗಬೇಕಾದರೆ, ಒಂದು ಸಂಗತಿಯನ್ನು ಮೊದಲೇ ಒಪ್ಪಿಕೊಳ್ಳಬೇಕು: ಮರದ ಬಗೆಗಿನ ತಿಳಿವಳಿಕೆ ನಮ್ಮ ಊರಲ್ಲೇ ಹುಟ್ಟಿತು, ಬಾಯಿಯ ಬಗೆಗಿನದು ಬೇರೆ ಕಡೆಯಿಂದ ಬಂತು. ಮನೆಯಲ್ಲಿ ಹುಟ್ಟಿದ್ದನ್ನು ನಂಬುವಷ್ಟು ಸುಲಭವಾಗಿ ಹೊರಗಿನಿಂದ ಬಂದದ್ದನ್ನು ಯಾರೂ ನಂಬುವುದಿಲ್ಲ.

ಬೆಳೆಗಾರರು ಪುರಾವೆಗೆ ಬೆನ್ನು ಹಾಕಿದವರು ಎಂದು ಪೇಟೆಯ ಕೆಲವರು ಬರೆಯುವುದುಂಟು. ಇದು ಅನ್ಯಾಯ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್‌ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗದ ಶಿಲೀಂಧ್ರವನ್ನು ಅಭ್ಯಾಸ ಮಾಡಿ, ಮೈಲುತುತ್ತು ಮತ್ತು ಸುಣ್ಣ ಕೂಡಿಸಿದ ಬೋರ್ಡೊ ದ್ರಾವಣವನ್ನು ಮಳೆಗಾಲಕ್ಕೆ ಮೊದಲೇ ಗೊನೆಗಳಿಗೆ ಸಿಂಪಡಿಸಬೇಕೆಂದು ತೋರಿಸಿಕೊಟ್ಟರು. ಇವತ್ತಿಗೂ ಮುಂಗಾರು ಬರುವ ಮುಂಚೆ ‘ಮದ್ದು ಬಿಡುವವರು’ ಸಿಗದಿದ್ದರೆ ಬೆಳ್ತಂಗಡಿಯ ತೋಟದ ಯಜಮಾನನಿಗೆ ನಿದ್ದೆ ಬರುವುದಿಲ್ಲ. ಮದ್ದು ಬಿಟ್ಟ ತೋಟ ಮತ್ತು ಬಿಡದ ತೋಟವನ್ನು ಆಟಿ ತಿಂಗಳಲ್ಲಿ ಅಕ್ಕಪಕ್ಕದಲ್ಲಿ ನೋಡಿದವನಿಗೆ ತುಲನೆ ಮಾಡಿ ತಿಳಿಯುವುದು ಎಂದರೇನು ಎಂದು ಯಾರೂ ಕಲಿಸಬೇಕಾಗಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಬಾಯಿಯ ಕಡೆಯ ಕತೆ ವಿಟ್ಲದ ಕೇಂದ್ರಕ್ಕಿಂತ ಹಳೆಯದು, ಆದರೆ ಚದುರಿದ್ದು. ದಕ್ಷಿಣ ತಿರುವಾಂಕೂರಿನ ನೆಯ್ಯೂರಿನಲ್ಲಿ ಲಂಡನ್‌ ಮಿಷನ್ನಿನ ಒಂದು ಆಸ್ಪತ್ರೆ ಇತ್ತು. ಎವರೆಸ್ಟ್ ಹತ್ತಲು ಹೋಗಿದ್ದ ಸರ್ಜನ್‌ ಹೊವರ್ಡ್ ಸೊಮರ್‌ವೆಲ್‌ ಕೆಲಸ ಮಾಡಿದ್ದು ಅಲ್ಲೇ. ಆ ಆಸ್ಪತ್ರೆಗೆ ಬರುತ್ತಿದ್ದ ಬಾಯಿ ಕ್ಯಾನ್ಸರಿನ ರೋಗಿಗಳನ್ನು ಗಮನಿಸಿ, ಓರ್‌ ಎಂಬ ವೈದ್ಯರು 1933ರಲ್ಲಿ ‘ಲ್ಯಾನ್ಸೆಟ್‌’ ಪತ್ರಿಕೆಯಲ್ಲಿ ಎಲೆಯಡಿಕೆ ಜಗಿಯುವವರ ಬಗ್ಗೆ ಬರೆದರು. ಅವರು ಕಂಡ ಜಗಿತದಲ್ಲಿ ಹೊಗೆಸೊಪ್ಪೂ ಇತ್ತು. ಹಾಗಾಗಿ ತಪ್ಪು ಯಾವುದರದ್ದು ಎಂಬ ಪ್ರಶ್ನೆ ಹಾಗೇ ಉಳಿಯಿತು. 1952ರಲ್ಲಿ ಶ್ವಾರ್ಟ್ಸ್ ಎಂಬವರು ಪೂರ್ವ ಆಫ್ರಿಕಾದಲ್ಲಿದ್ದ ಐವರು ಭಾರತೀಯ ಮಹಿಳೆಯರ ಬಾಯಿಯೊಳಗೆ ಒಂದು ವಿಚಿತ್ರ ಗಡುಸುತನವನ್ನು ವರ್ಣಿಸಿದರು. ಮರುವರ್ಷ ಮುಂಬಯಿಯಲ್ಲಿ ಜೋಶಿ ಎಂಬ ವೈದ್ಯರು ಅದೇ ರೋಗಕ್ಕೆ ‘ಸಬ್‌ಮ್ಯೂಕಸ್‌ ಫೈಬ್ರೋಸಿಸ್‌’ ಎಂಬ ಹೆಸರು ಕೊಟ್ಟರು. ಕೆನ್ನೆಯ ಒಳಪದರ ಬಿಳಿಚಿ, ನಾರಿನಂತೆ ಬಿಗಿದುಕೊಳ್ಳುತ್ತದೆ. ಖಾರ ತಿಂದರೆ ಉರಿ. ಮೂರು ಬೆರಳು ನೆಟ್ಟಗೆ ಹೋಗಬೇಕಾದ ಬಾಯಿಗೆ ಎರಡು ಬೆರಳು, ಆಮೇಲೆ ಒಂದು. ಈ ರೋಗ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಇದಕ್ಕೆ ಮುಖ್ಯ ಕಾರಣ ಹೊಗೆಸೊಪ್ಪಲ್ಲ, ಅಡಿಕೆ ಎಂಬುದು ಆಮೇಲಿನ ದಶಕಗಳಲ್ಲಿ ಸ್ಪಷ್ಟವಾಗುತ್ತ ಹೋಯಿತು.

1973. ಎರಡು ವರ್ಷ ಮೊದಲಿನ ಬೆಲೆ ಕುಸಿತದಿಂದ ಕಂಗಾಲಾಗಿದ್ದ ಬೆಳೆಗಾರರನ್ನು ಒಟ್ಟುಗೂಡಿಸಿ, ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಅಡ್ಯನಡ್ಕ ಇರುವುದು ವಿಟ್ಲದ ಆಚೆ, ಬಂಟ್ವಾಳ ತಾಲ್ಲೂಕಿನಲ್ಲೇ. ಕರ್ನಾಟಕ-ಕೇರಳ ಎರಡೂ ಬದಿಯ ಬೆಳೆಗಾರರಿಗೆ ಸೇರಿದ ಈ ಸಹಕಾರಿ ಸಂಸ್ಥೆ ದಲ್ಲಾಳಿಗಳ ಹಿಡಿತವನ್ನು ಸಡಿಲಿಸಿದ್ದು ನಮ್ಮ ಜಿಲ್ಲೆಯ ದೊಡ್ಡ ಸಾಧನೆಗಳಲ್ಲಿ ಒಂದು. ಅದೇ ವರ್ಷ ಬೆಂಗಳೂರಿನಲ್ಲಿ ಕ್ಯಾನ್ಸರ್ ಆಸ್ಪತ್ರೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಬಾಗಿಲು ತೆರೆಯಿತು. ಒಂದು ಅಡಿಕೆಯನ್ನು ಉತ್ತರಕ್ಕೆ ಕಳಿಸುವ ದಾರಿಯಾಯಿತು, ಇನ್ನೊಂದು ಚಾರ್ಮಾಡಿ ಘಾಟಿ ಹತ್ತಿ ಹೋಗುವ ರೋಗಿಗಳ ಕೊನೆಯ ನಿಲ್ದಾಣವಾಯಿತು.

ಉತ್ತರಕ್ಕೆ ಎಂದೆ. ಕರಾವಳಿಯವರು ಬೆಳೆಯುವುದು ಚಾಲಿ, ಅಂಗಳದಲ್ಲಿ ಒಣಗಿಸಿದ ಬಿಳಿ ಅಡಿಕೆ. ಮಲೆನಾಡಿನವರ ಹಾಗೆ ಬೇಯಿಸಿ ಕೆಂಪು ಮಾಡುವುದಿಲ್ಲ. ಚಾಲಿಯ ಬಹುಪಾಲು ಗುಜರಾತ್‌, ಮಹಾರಾಷ್ಟ್ರ, ರಾಜಸ್ಥಾನದ ಕಡೆಗೆ ಹೋಗುತ್ತದೆ. ಮದುವೆ ಚಪ್ಪರದ ಬಚ್ಚಿರೆ-ಬಜ್ಜೆಯಿ (ಎಲೆಯಡಿಕೆ) ಹರಿವಾಣಕ್ಕೆ, ನಾಗನ ಕಟ್ಟೆಗೆ, ಕೋಲಕ್ಕೆ ಬೇಕಾಗುವ ಅಡಿಕೆ ಮತ್ತು ಪಿಂಗಾರ ಒಟ್ಟು ಬೆಳೆಯಲ್ಲಿ ಕಡಲಿನೊಳಗಿನ ಹನಿ. ಎಪ್ಪತ್ತು-ಎಂಬತ್ತರ ದಶಕದಲ್ಲಿ ಪಾನ್‌ ಮಸಾಲಾ, ಗುಟ್ಕಾ ಸಣ್ಣ ಪೊಟ್ಟಣಗಳಲ್ಲಿ ಬಂದಾಗ ಅಡಿಕೆಗೆ ಹೊಸ ಬಾಯಿಗಳು ಸಿಕ್ಕವು. ಎಲೆಯಡಿಕೆ ಹಾಕಲು ಕೂತುಕೊಳ್ಳಬೇಕು, ಎಲೆ ಒರಸಬೇಕು, ಸುಣ್ಣ ಹಚ್ಚಬೇಕು. ಪೊಟ್ಟಣಕ್ಕೆ ಹಲ್ಲು ಸಾಕು. ಶಾಲೆಯ ಹುಡುಗನೂ ಹರಿದು ಬಾಯಿಗೆ ಹಾಕಬಹುದು, ಹಾಕಿದ. ನಮ್ಮ ತೋಟಗಳಿಗೆ ಧಾರಣೆ ಬಂದದ್ದರ ಹಿಂದೆ ಈ ಪೊಟ್ಟಣವೂ ಇದೆ. ಇದನ್ನು ಹೇಳದೆ ಅಡಿಕೆಯ ಸಂಸ್ಕೃತಿಯನ್ನಷ್ಟೇ ಕೊಂಡಾಡುವ ಭಾಷಣಗಳು ನನಗೆ ಹಿಡಿಸುವುದಿಲ್ಲ.

ಫ್ರಾನ್ಸಿನ ಲಿಯೋನಿನಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್‌ ಸಂಶೋಧನಾ ಸಂಸ್ಥೆ ವಿಶ್ವ ಆರೋಗ್ಯ ಸಂಸ್ಥೆಯ ಅಂಗ. 1985ರಲ್ಲಿ ಅದು ಹೊಗೆಸೊಪ್ಪು ಸೇರಿದ ಎಲೆಯಡಿಕೆ ಕ್ಯಾನ್ಸರ್‌ ತರುತ್ತದೆ ಎಂದು ಹೇಳಿತು. ಹೊಗೆಸೊಪ್ಪಿಲ್ಲದ ಎಲೆಯಡಿಕೆಯ ಬಗ್ಗೆ ಪುರಾವೆ ಸಾಲದು ಎಂದೂ ಹೇಳಿತು. ಬೆಳೆಗಾರರು ಬಹಳ ಕಾಲ ನೆಚ್ಚಿಕೊಂಡದ್ದು ಈ ಎರಡನೆಯ ಮಾತನ್ನು. ಆಗಿನ ಮಟ್ಟಿಗೆ ಅದು ಸರಿಯೂ ಆಗಿತ್ತು. ಆದರೆ ತೈವಾನಿನಲ್ಲಿ ಜನ ಅಡಿಕೆ ಜಗಿಯುತ್ತಾರೆ, ಅದಕ್ಕೆ ಹೊಗೆಸೊಪ್ಪು ಸೇರಿಸುವ ರೂಢಿ ಇಲ್ಲ. ಅಲ್ಲಿಯೂ ಬಾಯಿ ಕ್ಯಾನ್ಸರ್‌ ಏರುತ್ತ ಹೋಯಿತು. ಕರಾಚಿಯಲ್ಲೂ ಹೊಗೆಸೊಪ್ಪಿಲ್ಲದ ಪಾನ್‌ ತಿನ್ನುವವರನ್ನು ಬೇರೆ ಮಾಡಿ ನೋಡಿದರು. ಇವನ್ನೆಲ್ಲ ಮುಂದಿಟ್ಟುಕೊಂಡು 2003ರಲ್ಲಿ ಕೂತ ತಜ್ಞರ ಸಭೆ, ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ, ಅಡಿಕೆಯನ್ನೂ ಮೊದಲ ಗುಂಪಿಗೆ ಸೇರಿಸಿತು. 2004ರಲ್ಲಿ ವರದಿ ಅಚ್ಚಾಯಿತು. ಮತ್ತೆ ಪರಿಶೀಲಿಸಿ 2012ರ ವರದಿಯಲ್ಲೂ ಅದನ್ನೇ ಹೇಳಿದರು.

ಮೊದಲ ಗುಂಪು ಎಂದರೆ ಏನು ಎಂಬಲ್ಲಿ ಎರಡೂ ಕಡೆಯವರು ಎಡವಿದ್ದಾರೆ. ಆ ಗುಂಪಿನಲ್ಲಿ ತಂಬಾಕು ಇದೆ, ಹೆಂಡ ಇದೆ, ಬಿಸಿಲೂ ಇದೆ. ‘ಇದು ಮನುಷ್ಯರಲ್ಲಿ ಕ್ಯಾನ್ಸರ್‌ ತರಬಲ್ಲದು ಎಂಬುದಕ್ಕೆ ಪುರಾವೆ ಸಾಕಷ್ಟಿದೆ’ ಎಂಬುದಷ್ಟೇ ಅದರ ಅರ್ಥ. ಎಷ್ಟು ತಿಂದರೆ, ಎಷ್ಟು ಜನರಿಗೆ ಎಂಬ ಲೆಕ್ಕ ಅದರಲ್ಲಿಲ್ಲ. ಊಟವಾದ ಮೇಲೆ ಒಂದು ಹೋಳು ಬಾಯಿಗೆ ಹಾಕಿಕೊಳ್ಳುವ ಅಜ್ಜನಿಗೂ, ಬೆಳಗಿನಿಂದ ರಾತ್ರಿಯವರೆಗೆ ಕೆನ್ನೆಯ ಸಂದಿಯಲ್ಲಿ ಮಸಾಲಾ ಇಟ್ಟುಕೊಳ್ಳುವ ಲಾರಿ ಚಾಲಕನಿಗೂ ಅಪಾಯ ಒಂದೇ ಎಂದು ಅದು ಹೇಳಿಲ್ಲ. ಅದೇ ರೀತಿ, ‘ನಮ್ಮ ಅಜ್ಜ ತೊಂಬತ್ತು ವರ್ಷ ಎಲೆಯಡಿಕೆ ತಿಂದೇ ಬದುಕಿದರು’ ಎಂಬ ಮಾತಿನಿಂದ ಅದು ಸುಳ್ಳಾಗುವುದೂ ಇಲ್ಲ. ಬಾಯಿ ತೆರೆಯಲಾಗದೆ ಐವತ್ತಕ್ಕೇ ಹೋದ ಅಜ್ಜಂದಿರ ಬಗ್ಗೆ ಯಾರೂ ಹೆಮ್ಮೆಯಿಂದ ಹೇಳುವುದಿಲ್ಲವಲ್ಲ.

2016ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಂಶೋಧಕರು ಅಡಿಕೆಯಲ್ಲಿರುವ ಅರೆಕೊಲಿನ್‌ ಎಂಬ ಆಲ್ಕಲಾಯ್ಡಿನ ಒಂದು ಲವಣ, ಇಲಿಗಳಲ್ಲಿ ಗೆಡ್ಡೆಯ ಬೆಳವಣಿಗೆಯನ್ನು ತಗ್ಗಿಸಿತು ಎಂದು ಪ್ರಕಟಿಸಿದರು. ಸುದ್ದಿ ನಮ್ಮ ಕಡೆ ತಲುಪುವಷ್ಟರಲ್ಲಿ ‘ಅಡಿಕೆಯೇ ಕ್ಯಾನ್ಸರಿಗೆ ಮದ್ದು’ ಎಂದಾಗಿತ್ತು. ಪ್ರಯೋಗಾಲಯದಲ್ಲಿ ಒಂದು ಕಿಣ್ವದ ಮೇಲೆ ಕೆಲಸ ಮಾಡಿದ ಶುದ್ಧ ರಾಸಾಯನಿಕವೇ ಬೇರೆ, ಮನುಷ್ಯ ಹಗಲಿಡೀ ಜಗಿಯುವ ಅಡಿಕೆಯೇ ಬೇರೆ. 2020ರಲ್ಲಿ ಲಿಯೋನಿನವರು ಅರೆಕೊಲಿನನ್ನು ಮಾತ್ರ ಪ್ರತ್ಯೇಕವಾಗಿ ತೂಗಿ ನೋಡಿದಾಗ ‘ಕ್ಯಾನ್ಸರ್‌ ತರುವ ಸಾಧ್ಯತೆ ಇದೆ’ ಎಂಬ ಕೆಳಗಿನ ಗುಂಪಿನಲ್ಲಿಟ್ಟರು. ಇಡೀ ಅಡಿಕೆ ಮೊದಲ ಗುಂಪಿನಲ್ಲೇ ಉಳಿಯಿತು. ಇಂಥ ಕೂದಲೆಳೆಯ ವ್ಯತ್ಯಾಸಗಳು ಪ್ರತಿಭಟನಾ ಸಭೆಯ ಮೈಕಿಗೆ ಒಗ್ಗುವುದಿಲ್ಲ.

ಇಲ್ಲಿ ಒಂದು ಪಕ್ಕದ ಮಾತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಗೇರು ಅಭಿವೃದ್ಧಿ ನಿಗಮದ ತೋಪುಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್‌ ಕೀಟನಾಶಕ ಸುರಿದದ್ದು, ಸುತ್ತಲಿನ ಮನೆಗಳ ಮಕ್ಕಳ ಅವಸ್ಥೆ ಎಲ್ಲರಿಗೂ ಗೊತ್ತು. 2011ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಷೇಧಿಸಿತು, ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿತು. ಕಾರಣ ಮತ್ತು ಪರಿಣಾಮದ ನಂಟು ವಿಜ್ಞಾನದ ಲೆಕ್ಕದಲ್ಲಿ ಪೂರ್ತಿ ಬಿಗಿಯಾಗುವವರೆಗೆ ಕಾಯಿರಿ ಎಂದು ಕಂಪನಿಗಳು ಹೇಳಿದಾಗ ನಾವು ಸಿಟ್ಟಾದೆವು. ಮಕ್ಕಳು ಕಣ್ಣೆದುರಿಗೆ ಇದ್ದಾರೆ, ಇನ್ನೇನು ಬೇಕು ಎಂದೆವು. ಸರಿಯಾಗಿಯೇ ಹೇಳಿದೆವು. ಅಡಿಕೆಯ ವಿಷಯಕ್ಕೆ ಬಂದಾಗ ಅದೇ ತಾಲ್ಲೂಕಿನ ನಾವೇ ‘ಇನ್ನಷ್ಟು ಸಂಶೋಧನೆ ಆಗಲಿ’ ಎನ್ನುತ್ತೇವೆ. ಪುರಾವೆಯ ಅಳತೆಗೋಲು ಯಾರ ಅಂಗಳದಲ್ಲಿ ನಿಂತು ಹಿಡಿಯುತ್ತೇವೆ ಎನ್ನುವುದರ ಮೇಲೆ ಉದ್ದ-ಗಿಡ್ಡ ಆಗುತ್ತದೆ.

ಗುಟ್ಕಾಕ್ಕೆ ಕಾನೂನಿನ ಹಗ್ಗ ಬಿದ್ದದ್ದು ಬಾಯಿಯ ಕಡೆಯಿಂದಲ್ಲ, ಪೊಟ್ಟಣದ ಕಡೆಯಿಂದ. ರಾಜಸ್ಥಾನದಲ್ಲಿ ಶುರುವಾದ ಮೊಕದ್ದಮೆ ಪ್ಲಾಸ್ಟಿಕ್ ಕಸದ ಬಗ್ಗೆ ಆಗಿತ್ತು. 2010ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಗುಟ್ಕಾ, ಪಾನ್‌ ಮಸಾಲಾ, ಹೊಗೆಸೊಪ್ಪನ್ನು ಪ್ಲಾಸ್ಟಿಕ್‌ ಪೊಟ್ಟಣದಲ್ಲಿ ಮಾರುವಂತಿಲ್ಲ ಎಂದಿತು. 2011ರ ಮಾರ್ಚಿನಿಂದ ಅದು ಜಾರಿಗೆ ಬಂತು. ಜತೆಗೆ ಈ ಪದಾರ್ಥಗಳ ಅಪಾಯದ ಬಗ್ಗೆ ಅಧ್ಯಯನ ಮಾಡಿ ತಿಳಿಸಿ ಎಂದು ಸರ್ಕಾರವನ್ನು ಕೇಳಿತು. 2011ರ ಆಗಸ್ಟಿನಲ್ಲಿ ಜಾರಿಗೆ ಬಂದ ಆಹಾರ ಸುರಕ್ಷತಾ ನಿಯಮಗಳಲ್ಲಿ ಒಂದು ಸಣ್ಣ ಕಲಮು ಇತ್ತು: ಯಾವ ಆಹಾರದಲ್ಲೂ ತಂಬಾಕು, ನಿಕೋಟಿನ್‌ ಇರಕೂಡದು. ಗುಟ್ಕಾವನ್ನು ಆಹಾರವೆಂದು ಗಣಿಸಿದರೆ ಆ ಒಂದು ವಾಕ್ಯ ಸಾಕು. 2012ರ ಏಪ್ರಿಲ್‌ ಹೊತ್ತಿಗೆ ಮಧ್ಯಪ್ರದೇಶ ಮೊದಲು ಹಾಗೆ ಮಾಡಿತು. ಕೇರಳ ಹಿಂಬಾಲಿಸಿತು.

ಕರ್ನಾಟಕದ ಸರದಿ 2013ರ ಮೇ ಕೊನೆಯಲ್ಲಿ. ಸಿದ್ದರಾಮಯ್ಯ ಸರ್ಕಾರ ಬಂದು ಕೆಲವೇ ವಾರವಾಗಿತ್ತು. ಆರೋಗ್ಯ ಸಚಿವರಾಗಿದ್ದವರು ಯು.ಟಿ. ಖಾದರ್‌, ನಮ್ಮದೇ ಜಿಲ್ಲೆಯವರು. ಸಂಪುಟದಲ್ಲಿ ಬಂಟ್ವಾಳದ ರಮಾನಾಥ ರೈ ಅವರೂ ಇದ್ದರು. ಅಡಿಕೆಯ ಜಿಲ್ಲೆಯ ಮಂತ್ರಿಯ ಕೈಯಲ್ಲೇ ಗುಟ್ಕಾ ನಿಷೇಧ ಆದದ್ದು ಬೆಳೆಗಾರರನ್ನು ಕೆರಳಿಸಿತು, ಧಾರಣೆ ಬೀಳುತ್ತದೆ ಎಂಬ ಭಯ ಹರಡಿತು. ಆದರೆ ಆದೇಶ ಅಡಿಕೆಯನ್ನು ಮುಟ್ಟಿರಲಿಲ್ಲ, ಹೊಗೆಸೊಪ್ಪಿಲ್ಲದ ಪಾನ್‌ ಮಸಾಲಾವನ್ನೂ ಮುಟ್ಟಿರಲಿಲ್ಲ. ತಯಾರಕರು ಒಂದು ಪೊಟ್ಟಣವನ್ನು ಎರಡು ಮಾಡಿದರು. ಒಂದರಲ್ಲಿ ಮಸಾಲಾ, ಇನ್ನೊಂದರಲ್ಲಿ ಹೊಗೆಸೊಪ್ಪು. ಅಂಗಡಿಯವನು ಜೋಡಿಯಾಗಿ ಕೊಟ್ಟ, ಗಿರಾಕಿ ಅಂಗೈಯಲ್ಲಿ ಬೆರೆಸಿದ. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ಜೋಡಿ ಮಾರಾಟದ ಬಗ್ಗೆಯೂ ರಾಜ್ಯಗಳನ್ನು ಎಚ್ಚರಿಸಬೇಕಾಯಿತು.

ಈ ಇಡೀ ಗಲಾಟೆಯಲ್ಲಿ ಇನ್ನೊಂದು ಬಗೆಯ ಪುರಾವೆ ಸದ್ದಿಲ್ಲದೆ ಬಂದು ಕೂತಿತ್ತು. ಅದನ್ನು ವಿರೋಧಿಸಲು ಯಾವ ಬೆಳೆಗಾರನಿಗೂ ಕಾರಣವಿರಲಿಲ್ಲ, ಬೆಂಬಲಿಸಲೂ ಯಾರೂ ಬೀದಿಗಿಳಿಯಲಿಲ್ಲ.

ತಿರುವನಂತಪುರದ ಸುತ್ತಿನ 13 ಪಂಚಾಯತುಗಳನ್ನು ಸಂಶೋಧಕರು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಯೊಳಗೆ ಟಾರ್ಚು ಹಾಕಿ ನೋಡಿದರು. ಬಿಳಿ ಮಚ್ಚೆ, ಕೆಂಪು ಮಚ್ಚೆ, ಆರದ ಹುಣ್ಣು, ಬಿಗಿದ ಕೆನ್ನೆ ಕಂಡರೆ ವೈದ್ಯರ ಬಳಿಗೆ ಕಳಿಸಿದರು. ಇನ್ನೊಂದು ಪಾಲಿನಲ್ಲಿ ಎಂದಿನ ವ್ಯವಸ್ಥೆ. ಎರಡೂ ಕಡೆ ಸುಮಾರು 95 ಸಾವಿರದಷ್ಟು ಜನ. ಮದ್ದು ಬಿಟ್ಟ ತೋಟ, ಬಿಡದ ತೋಟ. 2005ರಲ್ಲಿ ಡಾ. ಶಂಕರನಾರಾಯಣನ್‌ ಮತ್ತು ಸಂಗಡಿಗರು ‘ಲ್ಯಾನ್ಸೆಟ್‌’ನಲ್ಲಿ ಫಲಿತಾಂಶ ಕೊಟ್ಟರು: ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ, ನೋಡಿದ ಪಂಚಾಯತುಗಳಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರರಲ್ಲಿ ಒಂದರಷ್ಟು ಕಡಿಮೆ. ಎಕ್ಸ್‌ರೇ ಬೇಡ, ರಕ್ತ ಬೇಡ, ಯಂತ್ರ ಬೇಡ. ಬೆಳಕು ಮತ್ತು ಕಲಿತ ಕಣ್ಣು. ನಮ್ಮ ನೆರೆರಾಜ್ಯದಲ್ಲಿ, ನಮ್ಮಂಥದೇ ಊರುಗಳಲ್ಲಿ ಸಿಕ್ಕ ಪುರಾವೆ ಇದು.

ತೈವಾನ್‌ ಇದನ್ನು ದೇಶದ ಮಟ್ಟಕ್ಕೆ ಒಯ್ದಿತು. 2004ರಿಂದ 2009ರೊಳಗೆ ಸಿಗರೇಟು ಸೇದುವ ಅಥವಾ ಅಡಿಕೆ ಜಗಿಯುವ 23 ಲಕ್ಷಕ್ಕೂ ಹೆಚ್ಚು ಜನರ ಬಾಯಿ ನೋಡಿದರು. ನೋಡಿಸಿಕೊಂಡವರಲ್ಲಿ ಸಾವು ನಾಲ್ಕನೇ ಒಂದರಷ್ಟು ಇಳಿಯಿತೆಂದು 2017ರಲ್ಲಿ ಪ್ರಕಟವಾಯಿತು. ಜತೆಗೆ ಅಡಿಕೆ ಮರ ತೆಗೆದು ಬೇರೆ ಬೆಳೆಗೆ ಹೋಗುವವರಿಗೆ ಸಹಾಯಧನವನ್ನೂ ಕೊಟ್ಟರು. ಮರ ಮತ್ತು ಬಾಯಿ ಎರಡನ್ನೂ ಒಂದೇ ಸರ್ಕಾರ ಒಂದೇ ಕಾಲದಲ್ಲಿ ನೋಡಬಹುದು ಎಂಬುದಕ್ಕೆ ಅದೊಂದು ನಿದರ್ಶನ.

ಚಿಕಿತ್ಸೆಯ ಪುರಾವೆಯೂ ಹೊರದೇಶದಿಂದಲೇ ಬರಬೇಕೆಂದೇನಿಲ್ಲ. ಬಾಯಿಯ ಗೆಡ್ಡೆ ಸಣ್ಣದಿದ್ದು ಕತ್ತಿನಲ್ಲಿ ಗಂಟು ಕಾಣದಿದ್ದಾಗ ಸರ್ಜನ್ನರಿಗೆ ಹಳೆಯ ಗೊಂದಲವೊಂದಿತ್ತು: ಕತ್ತಿನ ಗ್ರಂಥಿಗಳನ್ನು ಅದೇ ಶಸ್ತ್ರಕ್ರಿಯೆಯಲ್ಲಿ ತೆಗೆಯುವುದೋ, ಗಂಟು ಕಾಣಿಸಿಕೊಂಡ ಮೇಲೆ ತೆಗೆಯುವುದೋ? ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಅನಿಲ್‌ ಡಿಕ್ರೂಜ್‌ ತಂಡ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿ 2015ರಲ್ಲಿ ಉತ್ತರ ಕೊಟ್ಟಿತು. ಮೊದಲೇ ತೆಗೆದವರಲ್ಲಿ ಮೂರು ವರ್ಷಕ್ಕೆ ಬದುಕಿದ್ದವರು ಶೇ 80, ಕಾದವರಲ್ಲಿ ಶೇ 67.5. ಲೋಕದ ಸರ್ಜನ್ನರೆಲ್ಲ ಅದನ್ನು ಓದಿದರು. ರೋಗ ಕೈಮೀರಿದವರಿಗೆ ದುಬಾರಿ ಡ್ರಿಪ್ಪಿನ ಬದಲು ಮನೆಯಲ್ಲೇ ನುಂಗಬಹುದಾದ ಅಗ್ಗದ ಮಾತ್ರೆಗಳು ಕೆಲವು ವಾರ ಹೆಚ್ಚಿನ ಆಯುಷ್ಯ ಕೊಟ್ಟವೆಂದು ಅದೇ ಆಸ್ಪತ್ರೆ 2020ರಲ್ಲಿ ತೋರಿಸಿತು. ಕೆಲವು ವಾರವಷ್ಟೇ, ಹೌದು. ಆದರೆ ಡ್ರಿಪ್ಪಿಗಾಗಿ ದಿನಗಟ್ಟಲೆ ಮಂಗಳೂರಿನಲ್ಲಿ ಕೋಣೆ ಹಿಡಿಯಬೇಕಾದ ಮನೆಯವರಿಗೆ ಆ ಲೆಕ್ಕವೇ ಬೇರೆ.

ದುಡ್ಡಿನ ಮಾತು ಬಂತು. ಬೆಳ್ತಂಗಡಿಗೆ ಇದರಲ್ಲೂ ಒಂದು ಪಾಲಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಈ ತಾಲ್ಲೂಕಿನಲ್ಲಿ 1982ರಲ್ಲಿ ಹುಟ್ಟಿತು. 2004ರಲ್ಲಿ ಅದು ಸ್ವಸಹಾಯ ಸಂಘದ ಸದಸ್ಯರಿಗೆ ‘ಸಂಪೂರ್ಣ ಸುರಕ್ಷಾ’ ಎಂಬ ಆರೋಗ್ಯ ವಿಮೆ ತಂದಿತು. ಬೀಡಿ ಕಟ್ಟುವ, ತೋಟದ ಕೂಲಿಗೆ ಹೋಗುವ ಮನೆಗಳಿಗೆ ಆಸ್ಪತ್ರೆಯ ಬಿಲ್ಲನ್ನು ಇನ್ನೊಬ್ಬರು ಕಟ್ಟಬಹುದು ಎಂಬ ಕಲ್ಪನೆ ಪರಿಚಯವಾದದ್ದು ಹಾಗೆ. ಆದರೆ ಕ್ಯಾನ್ಸರಿನಂಥ ದೊಡ್ಡ ಕಾಯಿಲೆಗೆ ಸರ್ಕಾರವೇ ಬರಬೇಕಿತ್ತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. ಬಿಪಿಎಲ್‌ ಕಾರ್ಡಿನ ಮನೆಗೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಯವರೆಗೆ, ಹೃದಯ, ಕ್ಯಾನ್ಸರ್‌, ಮೂತ್ರಪಿಂಡ, ಸುಟ್ಟಗಾಯ ಇತ್ಯಾದಿಗೆ. ಮೊದಲು ಗುಲ್ಬರ್ಗ ವಿಭಾಗಕ್ಕೆ, ಆಮೇಲೆ ಬೆಳಗಾವಿ ವಿಭಾಗಕ್ಕೆ. ನಮ್ಮ ಜಿಲ್ಲೆ ಸೇರಿದ ಮೈಸೂರು ವಿಭಾಗ ಕಾಯಬೇಕಾಯಿತು.

ಆ ಕಾಯುವಿಕೆಯೇ ಪುರಾವೆಯಾಯಿತು. ಯೋಜನೆ ಬಂದ ಉತ್ತರದ ಗಡಿಯ 300 ಹಳ್ಳಿಗಳನ್ನೂ, ಗಡಿಯ ಈಚೆ ಇನ್ನೂ ಬರದಿದ್ದ 272 ಹಳ್ಳಿಗಳನ್ನೂ ನೀರಜ್‌ ಸೂದ್‌ ಮತ್ತು ಸಂಗಡಿಗರು ಹೋಲಿಸಿದರು. 2014ರಲ್ಲಿ ‘ಬ್ರಿಟಿಷ್‌ ಮೆಡಿಕಲ್‌ ಜರ್ನಲ್‌’ನಲ್ಲಿ ಬಂದ ಅವರ ಲೆಕ್ಕದಂತೆ, ಯೋಜನೆಯ ಪಟ್ಟಿಯಲ್ಲಿದ್ದ ಕಾಯಿಲೆಗಳಿಂದ ಬಡವರಲ್ಲಿ ಆದ ಸಾವು ಈಚೆ ಶೇ 0.90, ಆಚೆ ಶೇ 0.32. ಒಂದು ರಾಜ್ಯ ಸರ್ಕಾರದ ಯೋಜನೆ ಜೀವ ಉಳಿಸಿತೋ ಇಲ್ಲವೋ ಎಂದು ಇಷ್ಟು ಸ್ಪಷ್ಟವಾಗಿ ಅಳೆದದ್ದು ಅಪರೂಪ. ಆಳುವವರು ಬದಲಾದಂತೆ ಯೋಜನೆಯ ಹೆಸರು ಬದಲಾಯಿತು. 2018ರಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷ ಆಯುಷ್ಮಾನ್‌ ಭಾರತದ ಜತೆ ಕೂಡಿಕೆ. ಈ ಅಧ್ಯಯನದ ಬಗ್ಗೆ ವಿಧಾನಸೌಧದಲ್ಲಿ ಎಷ್ಟು ಮಾತಾಯಿತೋ, ನಾನಂತೂ ಪತ್ರಿಕೆಗಳಲ್ಲಿ ಓದಿದ್ದು ಹೆಸರಿನ ಜಗಳವನ್ನೇ.

ವಿಮೆ ಕೆಲಸ ಮಾಡುವುದು ಗೆಡ್ಡೆ ಕಂಡ ಮೇಲೆ. ಮೂಡುಬಿದಿರೆಯಿಂದಲೋ ವೇಣೂರಿನಿಂದಲೋ ಮಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗುವವರು ಬಾಯಿಯ ಹುಣ್ಣಿಗೆ ಮೊದಲು ಜೇನು, ಆಮೇಲೆ ಮೆಡಿಕಲ್‌ನ ಗುಳಿಗೆ, ಆಮೇಲೆ ಹಲ್ಲು ಕೀಳಿಸುವುದು, ಇಷ್ಟೆಲ್ಲ ದಾಟಿ ಕೊನೆಗೆ ಹೋಗುತ್ತಾರೆ. ಆ ತಿಂಗಳುಗಳನ್ನು ಉಳಿಸುವುದೇ ಟಾರ್ಚಿನ ಕೆಲಸವಾಗಿತ್ತು. ಕೇಂದ್ರ ಸರ್ಕಾರ 2016ರಲ್ಲಿ 30 ದಾಟಿದವರ ಬಾಯಿ ತಪಾಸಣೆ ಆಗಬೇಕೆಂಬ ಮಾರ್ಗಸೂಚಿ ಹೊರಡಿಸಿತು. ತಿರುವನಂತಪುರದ ವರದಿಗೂ ಇದಕ್ಕೂ ನಡುವೆ 11 ವರ್ಷ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನವರನ್ನು ಕೇಳಿದಾಗ, ದೇಶದಲ್ಲಿ ಒಮ್ಮೆಯಾದರೂ ಬಾಯಿ ತಪಾಸಣೆ ಮಾಡಿಸಿಕೊಂಡ ಹೆಂಗಸರು ಶೇ 0.9, ಗಂಡಸರು ಶೇ 1.2.

2024ರ ಅಕ್ಟೋಬರಿನಲ್ಲಿ ಲಿಯೋನಿನ ಸಂಸ್ಥೆ ‘ಲ್ಯಾನ್ಸೆಟ್‌ ಆಂಕಾಲಜಿ’ಯಲ್ಲಿ ಒಂದು ಅಂದಾಜು ಕೊಟ್ಟಿತು. 2022ರಲ್ಲಿ ಲೋಕದಲ್ಲಿ ಕಂಡ ಬಾಯಿ ಕ್ಯಾನ್ಸರುಗಳಲ್ಲಿ ಸುಮಾರು 1,20,200 ಪ್ರಕರಣಗಳಿಗೆ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆ ಕಾರಣ, ಅವುಗಳಲ್ಲಿ 83,400 ಭಾರತದವು. ಮತ್ತೆ ಮನವಿಗಳು, ಖಂಡನೆಗಳು. 2025ರ ಜನವರಿಯಲ್ಲಿ ಶಿವಮೊಗ್ಗ ಜಿಲ್ಲೆಗೆ ಬಂದ ಕೇಂದ್ರ ಕೃಷಿ ಸಚಿವ ಶಿವರಾಜ್‌ ಸಿಂಗ್‌ ಚೌಹಾಣ್‌, ಅಡಿಕೆಯ ಬಗ್ಗೆ ನಮ್ಮದೇ ಸಂಶೋಧನೆ ಮಾಡಿಸುವುದಾಗಿ ಬೆಳೆಗಾರರಿಗೆ ಹೇಳಿದರು. ಮಾಡಲಿ. ಆದರೆ ಆ ಸಂಶೋಧನೆಯ ಫಲಿತಾಂಶ ಹೇಗೇ ಬರಲಿ, ಬಾಯಿ ನೋಡುವ ಕೆಲಸ ಅದಕ್ಕಾಗಿ ಕಾಯಬೇಕಾಗಿಲ್ಲ. ಬೆಳೆಗಾರರ ಸಂಘಗಳೇ ತಮ್ಮ ಸಹಕಾರಿ ಸೊಸೈಟಿಗಳ ಜಗಲಿಯಲ್ಲಿ ಈ ತಪಾಸಣೆಯನ್ನು ಕೇಳಬಹುದಿತ್ತು. ಅಡಿಕೆ ಸುಲಿಯುವ, ಜಗಿಯುವ ಕೆಲಸಗಾರರು ಅವರ ಅಂಗಳದಲ್ಲೇ ಇದ್ದಾರೆ.

ಆಶಾ ಕಾರ್ಯಕರ್ತೆ ಮನೆಮನೆಗೆ ಒಯ್ಯುವ ತಪಾಸಣಾ ಪಟ್ಟಿಯಲ್ಲಿ ಎರಡು ಭಾಗಗಳಿವೆ. ಲಕ್ಷಣಗಳ ಭಾಗದಲ್ಲಿ ಬಾಯಿ ತೆರೆಯಲು ಕಷ್ಟವೇ ಎಂದು ಕೇಳುತ್ತದೆ. ಅದಕ್ಕೂ ಮೊದಲಿನ, ಅಂಕ ಹಾಕುವ ಭಾಗದಲ್ಲಿ ಬೀಡಿ-ಸಿಗರೇಟು ಸೇದುತ್ತೀರಾ, ಗುಟ್ಕಾ ಅಥವಾ ಖೈನಿಯಂಥ ಹೊಗೆಯಿಲ್ಲದ ಪದಾರ್ಥ ಬಳಸುತ್ತೀರಾ ಎಂಬ ಪ್ರಶ್ನೆ ಇದೆ. ಒಟ್ಟು ಅಂಕ ನಾಲ್ಕು ದಾಟಿದವರನ್ನು ತಪಾಸಣೆಗೆ ಮೊದಲು ಕರೆಯಬೇಕು. ಹೊಗೆಸೊಪ್ಪು ಮುಟ್ಟದೆ ದಿನವಿಡೀ ಎಲೆ, ಸುಣ್ಣ, ಅಡಿಕೆ ಜಗಿಯುವ ಹೆಂಗಸಿಗೆ ಆ ಪ್ರಶ್ನೆಯಲ್ಲಿ ಸಿಗುವುದು ಸೊನ್ನೆ.